ಡೋಬ್ರಿಯ ಗೋಣು

ಪ್ಲಾಮೆನ್ ಅಪ್ಪನ ಮುಖದ ಮೇಲೆ ಅಂಗೈ ಒತ್ತಿ ಗೋಂದು ಹಿಡಿಯುವ ತನಕ ಕಾದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಕಟ್ಟಡದ ಹೊರಬಾಗಿಲಿನ ಮೇಲೆ, ಹೋದ ಚಳಿಗಾಲದಲ್ಲಿ ಸತ್ತ ಮೇಲಿನ ಮನೆ ಮುದುಕಿಯ ಮಾಸಿದ ಸಾವಿನ ಕಾಗದದ ಪಕ್ಕದಲ್ಲಿ, ಅಪ್ಪನ ಪಟ, ಹೆಸರು, ಮಣ್ಣು ಮಾಡುವ ಹೊತ್ತು. ಬಾಗಿಲಿಗೆ, ಬಸ್‌ ನಿಲ್ದಾಣಕ್ಕೆ, ಬೀದಿಯ ಮರಕ್ಕೆ ಇಷ್ಟು ಅಂಟಿಸದ ಹೊರತು ರೂಸೆ ಊರಿನಲ್ಲಿ ಯಾರೂ ಪೂರ್ತಿ ಸತ್ತ ಹಾಗಲ್ಲ.

"ತಲೆ ಸೊಟ್ಟಗಿದೆಯಲ್ಲೋ" ಎಂದ ಗೋಂದಿನ ಡಬ್ಬಿ ಹಿಡಿದು ನಿಂತಿದ್ದ ಚಿಕ್ಕಪ್ಪ ಗಾಂಚೊ.

"ಕಾಗದ ನೆಟ್ಟಗೇ ಇದೆ. ಪಟದಲ್ಲೇ ಸೊಟ್ಟ."

"ನೆಟ್ಟಗಿರೋದು ಒಂದೂ ಸಿಗ್ಲಿಲ್ವಾ?"

"ನಿಮ್ಮಣ್ಣ ಯಾವತ್ತು ಕತ್ತು ನೆಟ್ಟಗಿಟ್ಕೊಂಡಿದ್ದ, ಚಿಕ್ಕಪ್ಪ?"

ಅದೂ ನಿಜವೇ. ಡೋಬ್ರಿ ಜೀವಮಾನವಿಡೀ ಊರಿನ ಟ್ರಾಲಿಬಸ್ ಓಡಿಸಿದವನು. ಪಕ್ಕದ ಕನ್ನಡಿ ನೋಡಿ ನೋಡಿ ಅವನ ಗೋಣು ಎಡಕ್ಕೆ ವಾಲಿ ಅಲ್ಲೇ ನಿಂತುಬಿಟ್ಟಿತ್ತು. ಮದುವೆ ಪಟದಲ್ಲೂ ಹಾಗೇ, ಪಿಂಚಣಿ ಚೀಟಿಯಲ್ಲೂ ಹಾಗೇ.

ಕೈಯಲ್ಲಿ ಇನ್ನೊಂದೇ ಕಾಗದ ಉಳಿದಿತ್ತು. ನದಿ ಹತ್ತಿರದ ಮನೆ ಬಾಗಿಲಿಗೂ ಹಾಕೋಣವೇ ಎಂದು ಗಾಂಚೊ ಕೇಳಿದ.

"ಅಪ್ಪ ಅಲ್ಲಿ ವಾಸ ಇರ್ಲಿಲ್ಲ. ಬಾಡಿಗೆಗೆ ಕೊಟ್ಟ ಮನೆ ಅದು" ಎಂದು ಪ್ಲಾಮೆನ್ ಕಾಗದ ಮಡಚಿ ಜೇಬಿಗೆ ತುರುಕಿದ.

ಆ ಮನೆ ಇವತ್ತೇ ಬಿಡಿಸಬೇಕು ಎಂದು ಅವನು ಬೆಳಿಗ್ಗೆಯೇ ತೀರ್ಮಾನ ಮಾಡಿದ್ದ. ಹೆಂಡತಿ ರೋಸಿತ್ಸಾಗೆ ಏಳು ತಿಂಗಳು. ಬಸುರಿ ಸ್ಮಶಾನಕ್ಕೆ ಬರಬಾರದೆಂದು ಅವಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಮನೆ ಅಂದರೆ ಯಾರದೋ ಸೂರಿನ ಕೆಳಗಿನ ಒಂದು ಕೋಣೆ, ನೆಟ್ಟಗೆ ನಿಂತರೆ ತೊಲೆ ತಲೆಗೆ ಬಡಿಯುತ್ತದೆ. ಮಗು ಅಳುವ ಮೊದಲೇ ಜಾಗ ನೋಡಿಕೊಳ್ಳಿ ಎಂದು ಅದರ ಒಡತಿ ಹೇಳಿಯೂ ಆಗಿತ್ತು. ಅಪ್ಪನಿಗೆ ಬಾಡಿಗೆ ಮನೆ ಇತ್ತು. ಮಗ ಬಾಡಿಗೆ ಮನೆಯಲ್ಲಿದ್ದ. ಊರವರಿಗೆ ನಗಲು ಇದಕ್ಕಿಂತ ಇನ್ನೇನು ಬೇಕು.

* * *

ಪಿಂಚಣಿಯಲ್ಲಿ ಹೊಟ್ಟೆ ತುಂಬಬಹುದು, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಒಲೆ ಉರಿಯುವುದಿಲ್ಲ ಎಂದು ಡೋಬ್ರಿಗೆ ಈ ದಾರಿ ತೋರಿಸಿದವನು ಗಾಂಚೊನೇ. ಅವನಿಗೆ ಎರಡು ಅಂಗಡಿ ಬಾಡಿಗೆಗೆ ಕೊಟ್ಟ ಅನುಭವವಿತ್ತು. ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದ: "ಬಾಡಿಗೆಯವರ ಮನೆಯಲ್ಲಿ ಯಾವತ್ತೂ ಕೂರಬೇಡ. ನಿಂತೇ ಮಾತಾಡು. ಕೂತು ಒಂದು ಲೋಟ ಚಹಾ ಕುಡಿದೆಯೋ, ಮನೆ ಅವರದ್ದಾಯ್ತು."

ಡೋಬ್ರಿ ಉಳಿಸಿದ್ದನ್ನೆಲ್ಲ ಹಾಕಿ ನದಿ ಹತ್ತಿರ ಒಂದು ಕೋಣೆ, ಒಂದು ಅಡುಗೆಮನೆ ಕೊಂಡ. ಕೊಂಡದ್ದು ಸುಡು ಬೇಸಗೆಯಲ್ಲಿ. ಬಡಗಣ ಗೋಡೆ ಬೆವರುತ್ತದೆ ಎಂದು ಗೊತ್ತಾದದ್ದು ಮೊದಲ ಮಂಜು ಬಿದ್ದ ಮೇಲೆ. ಗಾರೆ ಕೆಲಸದ ಮಗನನ್ನು ಮೊದಲೇ ಒಂದು ಮಾತು ಕೇಳಿದ್ದರೆ ಅವನು ಗೋಡೆ ಮುಟ್ಟಿಯೇ ಹೇಳುತ್ತಿದ್ದ. ಕೇಳಲಿಲ್ಲ. ತಾನೇ ಸುಣ್ಣ ಬಳಿದ, ಅದು ಉದುರಿತು, ಮತ್ತೆ ಬಳಿದ. ಮನೆ ನೋಡಲು ಬಂದವರನ್ನು ಪ್ರಶ್ನೆ ಕೇಳಲು ಅವನಿಗೆ ನಾಚಿಕೆ. ಅವರೇ ಕೇಳುತ್ತಿದ್ದರು, ಒಡೆಯ ಟೋಪಿ ಕೈಯಲ್ಲಿ ಹಿಡಿದು ಉತ್ತರ ಹೇಳುತ್ತಿದ್ದ.

ಯುದ್ಧ ಶುರುವಾದ ವಸಂತದಲ್ಲಿ ಒಡೆಸಾದಿಂದ ಲರೀಸಾ ಎಂಬ ಹೆಂಗಸು ಪುಟ್ಟ ಮಗಳ ಜೊತೆ ಊರು ಬಿಟ್ಟು ಆ ಮನೆಗೆ ಬಂದಳು. ಒಂದೇ ತಿಂಗಳಿಗೆಂದು ಮಾತಾಗಿತ್ತು. ಅಷ್ಟರಲ್ಲಿ ಪ್ಲಾಮೆನ್‌ಗೆ ಮದುವೆ ಗೊತ್ತಾಯಿತು. ತಿಂಗಳು ಮುಗಿದ ಕೂಡಲೇ ಮನೆ ನಿನ್ನದು ಎಂದು ಅಪ್ಪ ಮಾತು ಕೊಟ್ಟ. ಬಿಡಲು ಹೇಳಿ ಬರುತ್ತೇನೆಂದು ಒಂದು ಭಾನುವಾರ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋದ. ಸಂಜೆ ಬಂದವನು ಬೂಟು ಬಿಚ್ಚುತ್ತಾ ನೆಲ ನೋಡಿಕೊಂಡು, "ಅವರು ಇನ್ನೂ ಸ್ವಲ್ಪ ದಿನ ಇರ್ತಾರೆ" ಎಂದ.

"ಹೇಳಿದ್ಯೋ ಇಲ್ವೋ?" ಪ್ಲಾಮೆನ್ ಗದರಿದ.

"ಹೇಳ್ದೆ."

"ಹೇಳಿದ್ರೆ ಯಾಕಿರ್ತಾರೆ? ನಿಂಗೆ ಮಗ ಬೇಕೋ ಬಾಡಿಗೆ ಬೇಕೋ?"

ಅಪ್ಪ ಇನ್ನೊಂದು ಬೂಟಿನ ದಾರ ಬಿಚ್ಚತೊಡಗಿದ. ಪ್ಲಾಮೆನ್ ಬಾಗಿಲು ಬಡಿದುಕೊಂಡು ಹೋದವನು ಮತ್ತೆ ಆ ಹೊಸ್ತಿಲು ತುಳಿದದ್ದು ಮೊನ್ನೆ, ಅಪ್ಪನ ಹೆಣವನ್ನು ಮೆಟ್ಟಿಲಿಳಿಸಿ ತರಲು.

* * *

ಮಣ್ಣು ಮಾಡಿ ಬಂದು ಎಲ್ಲರೂ ಊಟಕ್ಕೆ ಕೂತರು. ಮೊದಲು ಬೇಯಿಸಿದ ಸಿಹಿ ಗೋಧಿ ಒಂದೊಂದು ಚಮಚ, ಆಮೇಲೆ ಹುರುಳಿಕಾಯಿ, ಮೀನು. ಲೋಟಕ್ಕೆ ಲೋಟ ತಾಗಿಸದೆ ಒಂದು ತೊಟ್ಟು ವೈನ್ ನೆಲಕ್ಕೆ ಚೆಲ್ಲಿ, ದೇವರು ಕ್ಷಮಿಸಲಿ ಎಂದರು. ಲರೀಸಾ ಮಗಳ ಜೊತೆ ಮೇಜಿನ ಕೊನೆಗೆ ಕೂತಿದ್ದಳು. ಪ್ಲಾಮೆನ್‌ನ ಅಮ್ಮ ಸ್ತಾಂಕಾ ಅವಳನ್ನು ಕೈ ಹಿಡಿದು ಎಬ್ಬಿಸಿ ತಂದು ಮಗನ ಎದುರಿಗೇ ಕೂರಿಸಿದಳು. ಅದೂ ಒಳ್ಳೆಯದೇ ಆಯಿತು ಎಂದುಕೊಂಡ ಅವನು. ಹೇಳಬೇಕಾದ ಮಾತು ಬಾಯಲ್ಲೇ ಇತ್ತು.

ಅವಳೇ ಮೊದಲು ಶುರು ಮಾಡಿದಳು.

"ನಾವು ಬಂದ ಹೊಸತು. ಡೋಬ್ರಿ ತಾತ ಬಾಗಿಲಲ್ಲಿ ನಿಂತು ಏನೋ ಹೇಳಿದ್ರು, ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಪೆಟ್ಟಿಗೆ ತೋರಿಸಿ, ಹೋಗ್ಬೇಕಾ ಅಂತ ಕೇಳ್ದೆ. ಅವರು ಹೀಗೆ ಮಾಡಿದ್ರು." ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿದಳು. "ನಮ್ಮೂರಲ್ಲಿ ಹೀಗಂದ್ರೆ ಬೇಡ ಅಂತ. ನಾನು ಖುಷಿಗೆ ಅತ್ತೇಬಿಟ್ಟೆ. ಒಳಗೆ ಎಳ್ಕೊಂಡು ಬಂದು ಕೂರಿಸಿ ಚಹಾ ಕೊಟ್ಟೆ."

ಪ್ಲಾಮೆನ್‌ನ ಚಮಚ ತಟ್ಟೆಯಲ್ಲೇ ನಿಂತಿತು. ರೂಸೆಯಲ್ಲಿ ಹುಟ್ಟಿದವನು ಹಾಗೆ ತಲೆ ಆಡಿಸಿದರೆ ಹೌದು ಎಂದೇ ಅರ್ಥ. ಹೋಗಬೇಕಾ ಎಂದರೆ, ಹೌದು. ಅಪ್ಪ ಹೇಳಿದ್ದ. ಬಾಯಿ ತುಂಬ ಅಲ್ಲದಿದ್ದರೂ ಕತ್ತು ತುಂಬ ಹೇಳಿದ್ದ.

"ಕೂತ್ನಾ? ಚಹಾ ಕುಡಿದ್ನಾ?" ಗಾಂಚೊ ಹಣೆ ಚಚ್ಚಿಕೊಂಡ. "ಮುಗೀತು ಬಿಡು."

"ಆಮೇಲೆ ಬ್ರೆಡ್ ಅಂಗಡೀಲಿ ಗೊತ್ತಾಯ್ತು" ಎಂದಳು ಲರೀಸಾ. "ಇದ್ಯಾ ಅಂತ ಕೇಳಿದ್ರೆ ಅಂಗಡಿಯವಳು ತಲೆ ಆಡಿಸೋಳು, ನಾನು ಖಾಲಿ ಅಂದ್ಕೊಂಡು ವಾಪಸ್ ಬರ್ತಿದ್ದೆ. ಎಷ್ಟೋ ದಿನ. ತಿಳಿದ ಮೇಲೆ ನಾಚಿಕೆಯಾಗಿ ತಾತನ ಹತ್ರ ಓಡಿದೆ. ಅವತ್ತು ನೀವು ಹೋಗು ಅಂದಿದ್ರಾ ಅಂತ ಕೇಳ್ದೆ. ನಾನೇನೂ ಅನ್ಲಿಲ್ಲಮ್ಮ, ಅವತ್ತು ಕತ್ತು ಉಳುಕಿತ್ತು ಅಂದ್ರು."

ಸ್ತಾಂಕಾ ಕೈವಸ್ತ್ರದಿಂದ ಕಣ್ಣೊರೆಸಿಕೊಂಡಳು. "ನನ್ನ ಹತ್ರಾನೂ ಅದನ್ನೇ ಹೇಳಿದ್ರು. ಕತ್ತಿಗೆ ರಾಕಿಯಾ ಸಾರಾಯಿ ಹಾಕಿ ತಿಕ್ಕಿಸ್ಕೊಂಡ್ರು ಬೇರೆ. ಅರ್ಧ ಬಾಟಲಿ."

ಲರೀಸಾ ಪ್ಲಾಮೆನ್ ಕಡೆ ತಿರುಗಿದಳು. "ಈಗ ನಂಗೆ ನಿಮ್ಮ ಭಾಷೆ ಬರುತ್ತೆ. ತಪ್ಪು ತಿಳ್ಕೊಳ್ಳಲ್ಲ. ನಾವು ಹೋಗ್ಬೇಕಾ?"

ಬೆಳಿಗ್ಗೆಯಿಂದ ಮಸೆದಿಟ್ಟಿದ್ದ ಮಾತು. ಸತ್ತವನ ಮೇಲೆ ಹೊಸದಾಗಿ ಸಿಟ್ಟು ಬಂತು: ಅವತ್ತು ನಡೆದದ್ದನ್ನು ಮಗನಿಗೆ ಹೇಳಿದ್ದರೆ ಏನಾಗುತ್ತಿತ್ತು, ಮುದುಕ? ಪ್ಲಾಮೆನ್ ಎದ್ದು ಕೋಟು ಹಾಕಿಕೊಂಡು, ಗೋಂದಿನ ಡಬ್ಬಿಗೆ ಚಿಕ್ಕಪ್ಪನ ಮುಂದೆ ಕೈ ಚಾಚಿದ.

* * *

ಲರೀಸಾ ಇದ್ದ ಮನೆಯ ಬಾಗಿಲಲ್ಲಿ, ನದಿಯ ಗಾಳಿಗೆ, ಜೇಬಿನಲ್ಲಿ ಉಳಿದಿದ್ದ ಕೊನೆಯ ಕಾಗದ ಪಟಪಟ ಹೊಡೆದುಕೊಳ್ಳುತ್ತಿತ್ತು. ಲರೀಸಾ ಒಂದು ಅಂಚು ಹಿಡಿದಳು, ಮಗಳು ಡಬ್ಬಿ ಹಿಡಿದಳು. ಪ್ಲಾಮೆನ್ ಕುಂಚ ಎಳೆದ. ಊಟದ ಮೇಜಿನಲ್ಲಿ ಕೇಳಿದ ಮಾತಿನ ಉತ್ತರಕ್ಕೆ ಅವಳು ಇನ್ನೂ ಕಾಯುತ್ತಿದ್ದಳು.

ಫೋನು ಗುಣುಗುಟ್ಟಿತು. ರೋಸಿತ್ಸಾ.

"ಅವರಿಗೆ ಹೇಳಿದ್ಯಾ?"

ಅವನ ತಲೆ ಅಲ್ಲಾಡಿತು. ಯಾವ ಕಡೆಗೆಂದು ಅವನಿಗೇ ತಿಳಿಯಲಿಲ್ಲ. ಫೋನಿಗೆ ಹೇಗೂ ಕಾಣುವುದಿಲ್ಲ.

"ಪ್ಲಾಮೆನ್, ಬಾಯಿ ಬಿಡು. ನಾವೆಲ್ಲಿಗೆ ಹೋಗೋದು?"

"ನಾನು ಬಂದ್ಮೇಲೆ ಕೂತು ಯೋಚ್ನೆ ಮಾಡೋಣ" ಎಂದ. ಆಮೇಲೆ, ಲರೀಸಾಗೂ ಕೇಳುವಷ್ಟು ಗಟ್ಟಿಯಾಗಿ, "ಸ್ವಲ್ಪ ರಾಕಿಯಾ ತೆಗೆದಿಡು. ಕತ್ತು ಉಳುಕಿದೆ" ಎಂದ.

ಲರೀಸಾ ಅಂಚು ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆ ಹೊತ್ತಿಗೆ ಗಾಳಿ ಕಾಗದವನ್ನು ಒಂದಿಷ್ಟು ತಿರುಗಿಸಿತು. ಪ್ಲಾಮೆನ್ ಹಾಗೇ ಅಂಗೈ ಒತ್ತಿ ಹಿಡಿದ. ಗೋಂದು ಹಿಡಿದ ಮೇಲೆ ಹಿಂದೆ ಸರಿದು ನೋಡಿದ. ಕಾಗದ ಬಾಗಿಲಿನ ಮೇಲೆ ಸೊಟ್ಟಗೆ ಅಂಟಿತ್ತು. ಅಪ್ಪನ ತಲೆ ನೆಟ್ಟಗೆ ನಿಂತಿತ್ತು.