ಹಾಸಿಗೆಯೊಳಗಿನ ಸಂಚಿಕೆ

ಹಳೆಯ ಹತ್ತಿ ಹಾಸಿಗೆಯನ್ನು ಬಿಚ್ಚಲು ಕುಳಿತವಳ ಕತ್ತರಿಗೆ ಕಾಗದ ತಗುಲಿತು. ಓಣಿಯವರೆಲ್ಲ ದೊಡ್ಡಕ್ಕ ಎಂದು ಕರೆಯುವ ಆ ಹೆಂಗಸು ಮೊದಲು ಬೈದದ್ದು ಹತ್ತಿ ತುಂಬಿದವನನ್ನು. ಹತ್ತಿಯ ಬದಲು ರದ್ದಿ ತುಂಬಿದ್ದಾನಲ್ಲ, ಅವನ ಮನೆ ಹಾಳಾಗ! ಕೈ ಹಾಕಿ ಎಳೆದರೆ ಬಂದದ್ದು ಮಕ್ಕಳ ಚಿತ್ರಕಥೆಯ ಪುಸ್ತಕ. ಮುಖಪುಟದಲ್ಲಿ ‘ಉಕ್ಕಿನ ರೆಕ್ಕೆ’ ಎಂಬ ಮಹಾವೀರ, ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡು ಆಕಾಶದಲ್ಲಿ ಈಜುತ್ತಿದ್ದ.

ಅದು ಅವಳ ಚೂಟಿಯದು. ಚೂಟಿ ಎಂದರೆ ಅವಳ ಮಗ, ಒಂಬತ್ತು ತುಂಬುವ ಮೊದಲೇ ಕಾಲುವೆಯಲ್ಲಿ ಹೆಣವಾಗಿ ಸಿಕ್ಕವನು. ಅವನು ತೀರಿಕೊಂಡ ತಿಂಗಳಿನದೇ ಸಂಚಿಕೆ. ಇಂಥ ಪುಸ್ತಕ ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಸಿಕ್ಕಿದ್ದನ್ನೆಲ್ಲ ಒಲೆಗೆ ಹಾಕುತ್ತಿದ್ದಳು. ಕಳ್ಳ, ಹೊಲಿಗೆ ಬಿಚ್ಚಿ ಹಾಸಿಗೆಯೊಳಗೇ ಬಚ್ಚಿಟ್ಟಿದ್ದಾನೆ. ಅದೇ ಹಾಸಿಗೆಯ ಮೇಲೆ ಮಲಗಿ ಅವನ ತಂಗಿ ದೊಡ್ಡವಳಾದಳು, ನರ್ಸೂ ಆದಳು.

ಅಳು ಬಂತು, ಅತ್ತಳು. ಮೂಗು ಒರೆಸಿಕೊಂಡು, ನನ್ನ ಮಗ ಅದೇನು ಓದುತ್ತಿದ್ದ ನೋಡೋಣವೆಂದು ಪುಟ ತಿರುಗಿಸಿದಳು. ನೋಡುತ್ತಾಳೆ, ಎಲ್ಲ ಗುರುತಿನ ಮುಖಗಳೇ! ಓಣಿಯ ಹಾಲಿನವನು ಪೊಲೀಸ್ ಅಧಿಕಾರಿಯಾಗಿದ್ದ. ಬೇಕರಿಯವನು ಮಂತ್ರಿ. ಆ ಹೊಟ್ಟೆಗೆ ಮಂತ್ರಿ ಪದವಿ ಏನೂ ಹೆಚ್ಚಲ್ಲ ಬಿಡಿ. ಆಗ ಎದುರುಮನೆಯ ಮಹಡಿಯಲ್ಲಿ ಒಬ್ಬ ಚಿತ್ರಕಾರ ಬಾಡಿಗೆಗಿದ್ದ. ಕಿಟಕಿಯಲ್ಲಿ ಕೂತು ಹೋಗಿಬರುವವರ ಮುಖ ಬರೆದುಕೊಳ್ಳುತ್ತಿದ್ದ, ಒಂದು ದಿನ ಯಾರಿಗೂ ಹೇಳದೆ ಖಾಲಿ ಮಾಡಿದ. ಅವನ ಹೊಟ್ಟೆಪಾಡು ಈ ಚಿತ್ರಕಥೆಗಳೆಂದು ಅವಳಿಗೆ ಈಗ ತಿಳಿಯಿತು. ಓಣಿಯ ದೊಡ್ಡವರು ಯಾರು ಇಂಥದ್ದನ್ನು ಓದುತ್ತಾರೆ?

ನಗು ಬರುವಷ್ಟರಲ್ಲಿ ಇನ್ನೊಂದು ಪುಟ ತಿರುಗಿತು.

ದೀಪದ ಕಂಬ. ಅದರ ಕೆಳಗೆ ಕೆಳಓಣಿಯ ಟೈಲರ್. ಮಿಷನ್ ತುಳಿದೂ ತುಳಿದೂ ವಾಲಿದ ಅದೇ ಎಡಹೆಗಲು, ಕೊರಳಲ್ಲಿ ಅಳತೆಯ ಟೇಪು. ಬೆನ್ನ ಮೇಲೆ ಮೂಟೆ, ಮೂಟೆಯ ಬಾಯಿಂದ ಹೊರಗೆ ಚಾಚಿದ ಪುಟ್ಟ ಕಾಲು, ಕಾಲಲ್ಲಿ ಕೆಂಪು ಚಪ್ಪಲಿ. ಕಥೆಯಲ್ಲಿ ಅವನು ಮಕ್ಕಳನ್ನು ಕದ್ದು ಕಾಲುವೆಗೆ ಎಸೆಯುವ ಖಳನಾಯಕ.

ಚಾಚೂ ತಪ್ಪದೆ ಇದನ್ನೇ ಆಗ ಆರು ವರ್ಷದವಳಾಗಿದ್ದ ಮಗಳು ಕೋರ್ಟಿನಲ್ಲಿ ಹೇಳಿದ್ದಳು. ಟೈಲರ್ ಮಾಮ ದೀಪದ ಕಂಬದ ಕೆಳಗೆ ಹೋಗ್ತಿದ್ದ, ಮೂಟೇಲಿ ಅಣ್ಣನ ಕಾಲಿತ್ತು, ಕೆಂಪು ಚಪ್ಪಲಿ ಇತ್ತು ಎಂದು. ಚೂಟಿಗೆ ಕೆಂಪು ಚಪ್ಪಲಿ ಇರಲೇ ಇಲ್ಲ. ಹೆದರಿದ ಮಗು, ಬಣ್ಣ ತಪ್ಪಿ ಹೇಳಿದೆ ಎಂದರು ವಕೀಲರು. ದೊಡ್ಡಕ್ಕನೂ ಹೌದೆಂದು ತಲೆಯಾಡಿಸಿದಳು. ಹುಡುಗನ ಜೇಬಿನಲ್ಲಿ ಟೈಲರ್ ಅಂಗಡಿಯ ಗುಂಡಿಗಳು ಸಿಕ್ಕಿದ್ದವು. ಓಣಿಯ ಯಾವ ಹುಡುಗನ ಜೇಬಿನಲ್ಲಿ ಅವು ಇರಲಿಲ್ಲ? ಆಡಿಕೊಳ್ಳಲಿ ಎಂದು ಹಿಡಿಹಿಡಿ ಕೊಡುತ್ತಿದ್ದ ಆ ಪುಣ್ಯಾತ್ಮ. ಜೀವಾವಧಿ ಶಿಕ್ಷೆಯಾಯಿತು. ಹದಿನೇಳು ವರ್ಷವಾದರೂ ಇನ್ನೂ ಒಳಗೇ ಇದ್ದಾನೆ. ಅವನ ಹೆಂಡತಿಯನ್ನು ಕಂಡಾಗಲೆಲ್ಲ ದೊಡ್ಡಕ್ಕ ಕ್ಯಾಕರಿಸಿ ಉಗಿದವಳೇ ಹೊರತು ಒಂದು ದಿನ ಮಾತಾಡಿಸಿದವಳಲ್ಲ.

ಮಗಳು ಡ್ಯೂಟಿ ಮುಗಿಸಿ ಬಂದಾಗ ಕೋಣೆ ತುಂಬ ಹತ್ತಿ, ನಡುವೆ ತಾಯಿ, ತಾಯಿಯ ತೊಡೆಯ ಮೇಲೆ ಪುಸ್ತಕ. ಮಗಳು ಕೈಚೀಲ ಕೆಳಗಿಟ್ಟಳು.

“ಸಿಕ್ತಾ,” ಎಂದಳು.

“ನಿಂಗೆ ಗೊತ್ತಿತ್ತಾ?”

“ಎಂಟನೇ ಕ್ಲಾಸಲ್ಲಿದ್ದಾಗ ಸಿಕ್ತು. ನೋಡಿ ವಾಪಸ್ ಒಳಗಿಟ್ಟು ಹೊಲಿದುಬಿಟ್ಟೆ. ಹರಿಯೋಕೆ ಕೈ ಬರಲಿಲ್ಲ.”

“ಕೋರ್ಟಲ್ಲಿ ಸುಳ್ಳು ಹೇಳಿದ್ಯೇನೇ?”

“ಇಲ್ಲಮ್ಮ. ನಿಜವಾಗ್ಲೂ ನೋಡಿದೀನಿ ಅಂತಲೇ ಅಂದ್ಕೊಂಡಿದ್ದೆ. ಅಣ್ಣ ಹೊದಿಕೆ ಒಳಗೆ ಟಾರ್ಚ್ ಹಾಕ್ಕೊಂಡು ಇದನ್ನ ತೋರಿಸ್ತಿದ್ದ. ಪೊಲೀಸರು ಏನು ನೋಡಿದೆ ಅಂತ ಕೇಳಿದಾಗ ಕಣ್ಮುಂದೆ ಬಂದಿದ್ದು ಇದೇ.”

“ಎಂಟನೇ ಕ್ಲಾಸಲ್ಲಿ ತಿಳೀತಲ್ಲ. ಆಗ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಒಬ್ಬ ಮನುಷ್ಯ ಅಲ್ಲಿ ಕೊಳೀತಿದಾನಲ್ಲೇ.”

ಮಗಳು ಹತ್ತಿಯ ನಡುವೆಯೇ ಕೂತಳು. “ತೀರ್ಪು ಬಂದ ದಿನ ನೀನು ಹೊಟ್ಟೆತುಂಬ ಊಟ ಮಾಡಿದೆ. ಅಣ್ಣ ಹೋದ್ಮೇಲೆ ಅವತ್ತೇ ಮೊದಲು. ನನ್ನ ತಲೆ ಸವರಿ, ನೀನಿಲ್ಲದಿದ್ರೆ ನಾನು ಸತ್ತೇ ಹೋಗ್ತಿದ್ದೆ ಕೂಸೇ ಅಂದೆ. ಆಮೇಲೆ ನಿಂಗೆ ಏನಂತ ಹೇಳ್ಲಮ್ಮ?”

ದೊಡ್ಡಕ್ಕ ಪುಸ್ತಕ ಮುಚ್ಚಿದಳು. ಇಷ್ಟು ವರ್ಷ ಹಿಡಿಶಾಪ ಹಾಕಲು ಒಬ್ಬನಿದ್ದ, ಅವನಿಗೆ ಶಾಪ ಹಾಕಿಯೇ ಅವಳು ದಿನ ದೂಡಿದ್ದಳು. ಈಗ ಅವನೂ ಇಲ್ಲವಾದ. ಚೂಟಿ ತಾನೇ ಜಾರಿ ಬಿದ್ದನೋ, ಯಾರಾದರೂ ದೂಡಿದರೋ, ಇನ್ನು ಯಾರನ್ನು ಕೇಳುವುದು? ಪುಸ್ತಕವನ್ನು ಒಲೆಗೆ ಹಾಕಿದರೆ ನರಪಿಳ್ಳೆಗೂ ಗೊತ್ತಾಗದು. ಮಗಳ ಮಾನ ಉಳಿಯುತ್ತದೆ, ನೌಕರಿ ಉಳಿಯುತ್ತದೆ. ಹಾಗೆಂದುಕೊಂಡು ಒಲೆಯವರೆಗೂ ಹೋದಳು. ಸುಳ್ಳೇಕೆ ಹೇಳಬೇಕು, ಕಡ್ಡಿಯನ್ನೂ ಗೀರಿದಳು. ಅದು ಬೆರಳು ಸುಡುವವರೆಗೆ ಉರಿದು ಆರಿತು.

“ನಡಿ,” ಎಂದಳು ಮಗಳಿಗೆ.

ಟೈಲರ್ ಹೆಂಡತಿ ಅಂಗಡಿಯ ಬಾಗಿಲಲ್ಲಿ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದಳು. ಇವರನ್ನು ಕಂಡವಳೇ ಸರಕ್ಕನೆ ಎದ್ದು ಗೋಡೆಗೆ ಸರಿದಳು. ಉಗುಳು ಬೀಳುತ್ತದೆಂದೇ ಅವಳ ಲೆಕ್ಕ. ಅದನ್ನು ನೋಡಿ ದೊಡ್ಡಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪುಟ ತೆರೆದು ಅವಳ ಮುಂದೆ ಹಿಡಿದಳು.

ಮಗಳೇ ಹೇಳಿದಳು: “ಅತ್ತೆ, ನಾನು ನೋಡಿದ್ದು ಈ ಚಿತ್ರಾನ. ಮಾಮನ್ನ ಅಲ್ಲ. ಮಾಮ ಏನೂ ಮಾಡಿಲ್ಲ. ಕೋರ್ಟಿಗೆ ಬಂದು ಹೇಳ್ತೀನಿ.”

ಟೈಲರ್ ಹೆಂಡತಿ ಪುಸ್ತಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಆಗ ಕೂದಲು ಎಷ್ಟು ಕಪ್ಪಗಿತ್ತು ಇವರಿಗೆ,” ಎಂದಳು. ಆಮೇಲೆ, “ಕೋರ್ಟು ಹಾಗಿರ್ಲಿ. ನಾಳೆ ಜೈಲಲ್ಲಿ ಭೇಟಿ ಇದೆ. ಮೊದಲು ಬಂದು ಅವರಿಗೆ ನೀನೇ ಹೇಳು. ನಾನು ಹೇಳಿ ಹೇಳಿ ಸಾಕಾಯ್ತು, ಅವರು ನಂಬಲ್ಲ.”

“ಏನನ್ನ ನಂಬಲ್ಲ?” ದೊಡ್ಡಕ್ಕ ಕೇಳಿದಳು.

“ತಾನು ಮಾಡಿಲ್ಲ ಅನ್ನೋದನ್ನ. ಮೊದಮೊದಲು ಅಳ್ತಿದ್ರು, ಆಣೆ ಹಾಕ್ತಿದ್ರು. ಈಗೀಗ ಹಾಗಲ್ಲ. ಅಷ್ಟು ಚಿಕ್ಕ ಮಗು ಯಾಕೆ ಸುಳ್ಳು ಹೇಳುತ್ತೆ, ನಾನೇ ಮಾಡಿರ್ಬೇಕು, ನಂಗೇ ಮರೆತುಹೋಗಿದೆ ಅಂತಾರೆ.”