ಪಯೋಮ್ ಅಜ್ಜಿಯ ಮೆಟ್ಟಿಲು

ಸೇತುವೆ ಬೇಡವೆಂದು ಸಭೆ ತೀರ್ಮಾನಿಸುತ್ತಿದ್ದಾಗ ಪಯೋಮ್ ಅಜ್ಜಿ ಮುಂದಿನ ಚಾಪೆಯ ಮೇಲೆಯೇ ಕೂತಿದ್ದಳು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

"ಪ್ರವಾಹ ಬಂದಾಗ ಅಜ್ಜಿಗೆ ನಾವು ಊಟ ತಲುಪಿಸಿದ್ವಿ. ಈಗ ಅವರ ಜಾಗ ಕೇಳಿದ್ರೆ, ಆ ಅನ್ನದ ಋಣ ತೀರಿಸಿ ಅಂದ ಹಾಗಾಗುತ್ತೆ," ಎಂದಳು ಬಡಾವಣೆಯ ನಿತ್ತಯಾ. "ಅಜ್ಜಿ ಪಾಪ, ಇಲ್ಲ ಅನ್ನೋರಲ್ಲ. ಅದಕ್ಕೇ ಕೇಳೋದೇ ಬೇಡ."

ವಿಹಾರದ ಹಜಾರದಲ್ಲಿ ತಲೆಗಳೆಲ್ಲ ಹೌದೆಂದು ಆಡಿದವು. ನಮ್ಮ ನೊಂಥಬುರಿ ಊರಿನವರ ದಾಕ್ಷಿಣ್ಯ ಅಂಥದ್ದು. ಮನೆಗೆ ಬೆಂಕಿ ಬಿದ್ದರೂ, ಪಕ್ಕದವರ ನಿದ್ದೆ ಕೆಟ್ಟೀತೆಂದು ಮೆಲ್ಲಗೆ ಕೂಗುವ ಜನ.

ಕಾಲುವೆಯ ಆ ದಡದಲ್ಲಿ, ಹಿಂದೆ ದುರಿಯನ್ ಹಣ್ಣಿನ ತೋಟಗಳಿದ್ದ ಕಡೆ, ಈಗ ಒಂದೇ ಅಚ್ಚಿನ ಮನೆಗಳ ಬಡಾವಣೆ ಎದ್ದಿದೆ. ವಿಹಾರವೂ ಆ ಕಡೆಗೇ. ಶಾಲೆ, ಸಂತೆ, ಪಯೋಮ್ ಅಜ್ಜಿಯ ಮರದ ಮನೆ ಈ ಕಡೆ. ಕೂಗಿದರೆ ಕೇಳುವಷ್ಟೇ ದೂರ, ಆದರೆ ದಾಟಬೇಕೆಂದರೆ ಹೆದ್ದಾರಿಯನ್ನೇ ಸುತ್ತಬೇಕು. ಹೋದ ಮಳೆಗಾಲದಲ್ಲಿ ಅಲ್ಲಿ ಬೈಕಿಗೆ ಲಾರಿ ತಾಗಿ, ಶಾಲೆಗೆ ಹೊರಟಿದ್ದ ಪ್ಲೊಯ್ ಕಾಲು ಮುರಿದುಕೊಂಡಳು. ಅವಳು ಇದೇ ನಿತ್ತಯಾಳ ಮಗಳು. ಕಾಲುಸೇತುವೆಯ ಮಾತು ಹುಟ್ಟಿದ್ದು ಆಗಲೇ.

ತೊಡಕಿದ್ದದ್ದು ಜಾಗದ್ದು. ಈ ದಡದ ಓಣಿ ನೀರು ಮುಟ್ಟುವುದು ಒಂದೇ ಕಡೆ, ಅಜ್ಜಿಯ ಮೆಟ್ಟಿಲ ಬಳಿ. ದೋಣಿಗೆ ಕಾಯುವವರಿಗೆ ನೆರಳಿರಲೆಂದು ಅವಳ ಗಂಡ ಬುನ್‌ರೋಡ್ ಕಟ್ಟಿದ ಮರದ ಮಂಟಪವೂ ಅಲ್ಲೇ ಇದೆ. ಸೇತುವೆ ಬಂದರೆ ಮಂಟಪವೂ ಹೋಗುತ್ತದೆ, ಮೆಟ್ಟಿಲೂ ಹೋಗುತ್ತದೆ.

'ಕೊಡ್ತೀನಿ ಕಣ್ರೋ' ಎಂಬ ಮಾತು ಅಜ್ಜಿಯ ಗಂಟಲವರೆಗೆ ಬಂದಿತ್ತು. ಆದರೆ ಎದುರಿಗೆ ಎತ್ತರದ ಪೀಠದಲ್ಲಿ ವಿಹಾರದ ಮುದಿ ಭಿಕ್ಷು, ಭಂತೇಜಿ, ಕೂತಿದ್ದರು. ದೋಣಿಯಲ್ಲಿ ಭಿಕ್ಷೆಗೆ ಬರುವವರು ಈಗ ಅವರೊಬ್ಬರೇ, ಅವರಿಗೆ ಉಳಿದಿದ್ದ ಕೊನೆಯ ಮನೆ ಅವಳದೊಂದೇ. ಮೆಟ್ಟಿಲು ಕೊಟ್ಟರೆ ಅವರಿಗೆ ನಾಳೆಯಿಂದ ಬರಬೇಡಿ ಎಂದಂತಲ್ಲವೇ? ಅಜ್ಜಿ ಬಾಯಿ ಮುಚ್ಚಿಕೊಂಡಳು. ಅವಳ ಮೌನ ನೋಡಿ ಎಲ್ಲರೂ, ಕೇಳದೇ ಇದ್ದದ್ದು ಒಳ್ಳೆಯದಾಯಿತು ಎಂದುಕೊಂಡರು.

ನಿತ್ತಯಾಳೇ ಅಜ್ಜಿಯನ್ನು ಬೈಕಿನಲ್ಲಿ ಮನೆಗೆ ಬಿಟ್ಟಳು. ಹೆದ್ದಾರಿಯುದ್ದಕ್ಕೂ ಅಜ್ಜಿ ಅವಳ ಸೊಂಟ ತಬ್ಬಿ ಕಣ್ಣು ಮುಚ್ಚಿಕೊಂಡಿದ್ದಳು. ಈ ಹುಡುಗಿ ದಿನಾ ಮಗಳನ್ನು ಇದೇ ದಾರಿಯಲ್ಲಿ ಕರೆತರುತ್ತಾಳಲ್ಲ ಎಂದು ನೆನೆದು ಹಿಡಿತ ಇನ್ನಷ್ಟು ಬಿಗಿ ಮಾಡಿದಳು.

ಬೆಳಗ್ಗೆ ಎಂದಿನಂತೆ ಬಿಸಿ ಅನ್ನ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಮೀನುಸಾರಿನ ಪೊಟ್ಟಣ ಹಿಡಿದು ಅಜ್ಜಿ ಮೆಟ್ಟಿಲಿಳಿದಳು. ನಮ್ಮಲ್ಲಿ ಭಿಕ್ಷೆ ಪಡೆದವರು ಉಪಕಾರವಾಯಿತು ಎನ್ನುವುದಿಲ್ಲ. ಕೊಡುವ ಭಾಗ್ಯ ಸಿಕ್ಕಿತೆಂದು ಕೊಟ್ಟವರೇ ಕೈಮುಗಿಯುತ್ತಾರೆ. ದೋಣಿಯಲ್ಲಿ ಬಂದ ಭಂತೇಜಿ ಭಿಕ್ಷಾಪಾತ್ರೆಯ ಮುಚ್ಚಳ ತೆಗೆದರು. ಅಜ್ಜಿ ಅನ್ನ ಹಾಕಿ, ಕೈಮುಗಿಯಲು ಮಂಡಿ ಬಗ್ಗಿಸಿದಳು. ಪಾಚಿಗೆ ಕಾಲು ಜಾರಿತು. ಸೊಂಟದವರೆಗೆ ನೀರಲ್ಲಿ ಮುಳುಗಿದಳು.

ಭಂತೇಜಿಯ ಕೈ ತಾನಾಗಿ ಮುಂದೆ ಬಂತು, ಹೆಂಗಸನ್ನು ಮುಟ್ಟಬಾರದೆಂಬುದು ನೆನಪಾಗಿ ಹಿಂದೆ ಹೋಯಿತು. ಮರುಗಳಿಗೆಯಲ್ಲೇ ಹುಟ್ಟನ್ನು ಚಾಚಿದರು.

"ಹಿಡ್ಕೋ ತಾಯಿ, ಬಿಡ್ಬೇಡ!"

ಅಜ್ಜಿ ಹಿಡಿದಳು. ಎಳೆಯಲು ಹೋದ ಭಂತೇಜಿ "ಅಮ್ಮಾ!" ಎಂದು ತಮ್ಮ ಭುಜ ಹಿಡಿದುಕೊಂಡರು. ಹುಟ್ಟು ಅಜ್ಜಿಯ ಕೈಯಲ್ಲೇ ಉಳಿಯಿತು, ದೋಣಿ ಅಡ್ಡಡ್ಡ ತೇಲತೊಡಗಿತು. ಕೊನೆಗೆ ಅವಳೇ ಮೆಟ್ಟಿಲು ಹತ್ತಿ, ಅದೇ ಹುಟ್ಟನ್ನು ಚಾಚಿ ಅವರನ್ನು ದಡಕ್ಕೆ ಎಳೆದುಕೊಂಡಳು.

"ಭುಜಕ್ಕೇನಾಯ್ತು ಭಂತೇ?"

"ಹೋದ ವರ್ಷದಿಂದ ಹೀಗೇ. ಹುಟ್ಟು ಹಾಕೋಕಾಗಲ್ಲ. ನೀನು ಕಾಯ್ತಿರ್ತೀಯ ಅಂತ ಹೇಗೋ ಬರ್ತಿದ್ದೆ. ಸೇತುವೆ ಆದ್ರೆ ನಡ್ಕೊಂಡು ಬರಬಹುದು ಅಂತ ಆಸೆ ಇತ್ತಮ್ಮ. ಆದ್ರೆ ನಿನ್ನ ಮೆಟ್ಟಿಲು ಕೀಳಿ ಅಂತ ನಾನು ಹೇಗೆ ಹೇಳ್ಲಿ?"

"ಅಯ್ಯೋ ನನ್ನ ಕರ್ಮವೇ!" ಅಜ್ಜಿ ಒದ್ದೆ ಬಟ್ಟೆ ಹಿಂಡುತ್ತ ನಕ್ಕಳು. "ಈ ಮೆಟ್ಟಿಲು ಇಳಿಯೋಕೆ ನನ್ನ ಮಂಡಿ ದಿನಾ ಅಳುತ್ತೆ ಭಂತೇ! ನಿಮಗೆ ದೋಣಿ ಅಂದ್ರೆ ಪ್ರಾಣ ಅಂತ ತಾನೇ ನಾನು ಸುಮ್ನಿದ್ದದ್ದು!"

ಭಂತೇಜಿಯೂ ನಕ್ಕರು. ನಗುವಾಗಲೂ ಭುಜ ನೋಯುತ್ತಿತ್ತು.

ಎದುರು ದಡದ ಮನೆಯ ಹಿಂದೆ ನಿತ್ತಯಾ ಬಟ್ಟೆ ಒಣಗಿಸುತ್ತಿದ್ದಳು. ಅಜ್ಜಿ ಎದ್ದು ನಿಂತು ಕಂಠವೆತ್ತಿ ಕೂಗಿದಳು. ಜನ್ಮದಲ್ಲಿ ಮೊದಲ ಸಲ ಅವಳು ಯಾರ ನಿದ್ದೆಯನ್ನೂ ಲೆಕ್ಕಿಸಲಿಲ್ಲ.

"ಏ ನಿತ್ತಯಾ! ಕೇಳೇ ನನ್ನ!"

"ಏನಜ್ಜಿ? ಯಾಕೆ ಒದ್ದೆಯಾಗಿದ್ದೀರಿ?"

"ಅದಿರ್ಲಿ. ಜಾಗ ಬೇಕು ಅಂತ ಕೇಳು!"

ನಿತ್ತಯಾ ಒದ್ದೆ ಅಂಗಿ ಎದೆಗವಚಿಕೊಂಡು ನಿಂತಳು. "ಬೇಡ ಅಜ್ಜಿ, ನಮಗೆ ಮುಜುಗರ..."

"ನಿನ್ನ ಮುಜುಗರಕ್ಕೆ ಬೆಂಕಿ ಹಾಕ! ಪ್ರವಾಹದಲ್ಲಿ ಪ್ಲಾಸ್ಟಿಕ್ ಟಬ್ಬಲ್ಲಿ ಕೂತು ದಿನಾ ಅನ್ನ ತಂದೆಯಲ್ಲ, ನಾನು ಬೇಡ ಅಂದ್ನಾ? ತಗೊಂಡೆ. ಈಗ ನೀನು ತಗೋ. ಕೇಳದೇ ಇದ್ರೆ ನಾನು ಹೇಗೆ ಕೊಡ್ಲಿ? ಭಿಕ್ಷೆ ಪಾತ್ರೆ ಮುಚ್ಚಳ ತೆಗೀದೇ ಇದ್ರೆ ಅನ್ನ ಎಲ್ಲಿಗೆ ಹಾಕ್ಲಿ?"

ನಿತ್ತಯಾ ಅಂಗಿಯನ್ನು ತಂತಿಗೆ ಹಾಕಿ ನೀರಿನ ಅಂಚಿಗೆ ಬಂದಳು.

"ಜಾಗ ಕೊಡ್ತೀರಾ ಅಜ್ಜಿ?" ನಿತ್ತಯಾಳ ದನಿ ಒಡೆದಿತ್ತು. "ಪ್ಲೊಯ್‌ಗೆ ದಾರಿ ಬೇಕು."

"ಕೊಟ್ಟೆ," ಎಂದಳು ಅಜ್ಜಿ. ಕೇಳಿದರಲ್ಲ ಎಂದು ಅವಳ ಎದೆ ತುಂಬಿ ಬಂತು.

ಮಂಟಪ ಬಿಚ್ಚುವ ದಿನ ಅವಳು ಒಳಗೆ ಹೋಗಿ ಸ್ವಲ್ಪ ಅತ್ತಳು. ಬುನ್‌ರೋಡ್ ಹಾಕಿದ್ದ ತೇಗದ ಹಲಗೆಯನ್ನು ಕೆಲಸದವರು ಎಸೆಯದೆ, ಸೇತುವೆಯ ಬುಡದಲ್ಲೇ ಬೆಂಚು ಮಾಡಿಕೊಟ್ಟರು.

ಸೇತುವೆ ತೆರೆದ ಬೆಳಗ್ಗೆ ಭಂತೇಜಿ ಬರಿಗಾಲಲ್ಲಿ ಮೆಲ್ಲಗೆ ನಡೆದು ಬಂದರು. ಅವರನ್ನು ದಾಟಿ ಹೋಗಲಾರದೆ ಶಾಲೆಯ ಮಕ್ಕಳೆಲ್ಲ ಹಿಂದೆಯೇ ಸಾಲುಗಟ್ಟಿದ್ದವು.

"ಹೋಗ್ರೋ, ಬೆಲ್ ಹೊಡೆಯುತ್ತೆ!" ಎಂದಳು ಅಜ್ಜಿ.

ಮಕ್ಕಳು ಭಂತೇಜಿಯ ಪಕ್ಕದಲ್ಲಿ ಗೌರವದಿಂದ ಬೆನ್ನು ಬಗ್ಗಿಸಿ ಒಬ್ಬೊಬ್ಬರಾಗಿ ಸರಿದುಹೋದವು. ಕೊನೆಯಲ್ಲಿ ಬಂದ ಪ್ಲೊಯ್ ಬೆಂಚಿನ ಮೇಲೆ ಕೂತು ಷೂ ಲೇಸು ಬಿಗಿದುಕೊಂಡಳು, ಎದ್ದು ಅಜ್ಜಿಗೆ ಕೈಮುಗಿದು, ಕಾಲು ಸ್ವಲ್ಪ ಎಳೆಯುತ್ತ ಓಡಿದಳು. ಭಂತೇಜಿ ಪಾತ್ರೆಯ ಮುಚ್ಚಳ ತೆಗೆದರು. ಕೊಟ್ಟವಳೇ ಕೈಮುಗಿಯಬೇಕಿತ್ತು, ಆದರೆ ಅಜ್ಜಿಯ ಎರಡೂ ಕೈಯಲ್ಲಿ ಅನ್ನದ ಬಟ್ಟಲಿತ್ತು. ಹುಡುಗಿ ಹೋದ ಕಡೆಗೆ ಅವಳು ತಲೆಯನ್ನಷ್ಟೇ ಬಾಗಿಸಿದಳು.