ಒಂಬತ್ತನೆಯ ಸಿಗ್ನಲ್

ಗುಡದಪ್ಪನಂಥ ಮುಠ್ಠಾಳನ ಮಾತು ಕೇಳಿ ಕೆಟ್ಟೆ ಎಂದು ನಾನು ಹೇಳಿಕೊಂಡು ತಿರುಗಬಹುದು. ಅದು ಅರ್ಧ ಮಾತ್ರ ಖರೆ.

ಬ್ಯಾಡಗಿಯಲ್ಲಿ ಅವನದು ಮೆಣಸಿನಕಾಯಿ ತೊಟ್ಟು ತೆಗೆಯುವ ಕಾರ್ಖಾನೆ. ದಿನಾ ಅಗಡಿಯಿಂದ ಬಸ್ಸಿನಲ್ಲಿ ಬಂದು ಗಾಜಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವುದು ನನ್ನ ಕೆಲಸ. ಹೊರಗೆ ಎರಡು ಉಕ್ಕಿನ ರೋಲರ್‌ಗಳು ಎದುರುಬದುರು ತಿರುಗಿ ತೊಟ್ಟು ಕೀಳುತ್ತಿದ್ದವು. ಅವನ್ನು ನಡೆಸುವುದು ಒಂದು ಪ್ರೋಗ್ರಾಂ. ಅದನ್ನು ನಿಲ್ಲಿಸಬೇಕಾದರೆ ಆಪರೇಟಿಂಗ್ ಸಿಸ್ಟಮ್ ಮೂಲಕ ಸಿಗ್ನಲ್ ಕಳಿಸಬೇಕು. ಒಂದೊಂದು ಸಿಗ್ನಲ್‌ಗೂ ಒಂದೊಂದು ನಂಬರ್.

ಹದಿನೈದು ಕಳಿಸಿದರೆ, ಕೆಲಸ ಮುಗಿಸಿ ಎದ್ದೇಳು ಎಂದು ಪ್ರೋಗ್ರಾಂಗೆ ಹೇಳಿದಂತೆ. ಅದು ಮೊದಲು ತಟ್ಟನೆ ರೋಲರ್ ಅಗಲಿಸಿ ಬ್ರೇಕ್ ಹಾಕುತ್ತದೆ, ಆಮೇಲೆ ಬೆಲ್ಟ್ ಖಾಲಿ ಮಾಡಿ ತಾನಾಗಿ ಮುಗಿಯುತ್ತದೆ. ಎಲ್ಲ ಸೇರಿ ಒಂದು ನಿಮಿಷ. ಒಂಬತ್ತು ಹಾಗಲ್ಲ. ಅದು ಪ್ರೋಗ್ರಾಂ ಕಿವಿಗೆ ಬೀಳುವುದೇ ಇಲ್ಲ. ಸಿಸ್ಟಮ್ಮೇ ಅದರ ಕುತ್ತಿಗೆ ಹಿಚುಕಿ ಬಿಸಾಡುತ್ತದೆ. ಮೋಟರಿಗೆ ಪ್ರೋಗ್ರಾಂ ಕೊನೆಗೆ ಕೊಟ್ಟ ಹುಕುಂ ಹಾಗೇ ಉಳಿಯುತ್ತದೆ, ತಿರುಗು ಎಂದಿದ್ದರೆ ತಿರುಗುತ್ತಲೇ ಇರುತ್ತದೆ. ಯಂತ್ರ ಕೂಡಿಸಿಕೊಟ್ಟ ರಾಣೆಬೆನ್ನೂರಿನ ಮುನಾಫ, "ರೋಲರ್ ತಿರಗೂ ಹೊತ್ತಿನ್ಯಾಗ ಒಂಬತ್ತು ಹೊಡಿಬ್ಯಾಡ್ರಿ ಅಕ್ಕಾರ" ಎಂದು ಎರಡು ಸಲ ಹೇಳಿ ಹೋಗಿದ್ದ.

ಆದರೆ ಕಾಯಿ ಸಿಕ್ಕಿಕೊಂಡು ರೋಲರ್ ತಾನೇ ನಿಂತಾಗೆಲ್ಲ ಒಂದು ನಿಮಿಷ ಕಾಯುವ ತಾಳ್ಮೆ ಗುಡದಪ್ಪನಿಗೆ ಇರಲಿಲ್ಲ. ನನಗೂ ಇರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಒಂಬತ್ತು ಹೊಡೆದು ಹೊಸದಾಗಿ ಶುರು ಮಾಡುತ್ತಿದ್ದೆ. ಬೆರಳಿಗೆ ಅದೇ ರೂಢಿಯಾಗಿತ್ತು.

ಆ ಮಂಗಳವಾರ, ಯಂತ್ರಕ್ಕೆ ಕಾಯಿ ಸುರಿಯುವ ನೀಲಗಂಗವ್ವ ಘಾಟು ತಾಳದೆ ಮುಖಕ್ಕೆ ಸುತ್ತಿಕೊಂಡಿದ್ದ ಸೆರಗು ಜಾರಿ ರೋಲರಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದ ಬಲಗೈಯನ್ನೂ ಅದು ಹಿಡಿಯಿತು. ಮೊದಲು ಬೆರಳುಗಳು ಹೋದವು. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಪಕ್ಕದಲ್ಲೇ ಇತ್ತು. ಖಾರದ ಧೂಳು ಕೂರಬಾರದೆಂದು ನಾವೇ ಅದಕ್ಕೆ ಪ್ಲಾಸ್ಟಿಕ್ ಸುತ್ತಿ ಹಗ್ಗ ಬಿಗಿದಿದ್ದೆವು. ಪಕ್ಕದಲ್ಲಿದ್ದ ಸುಶೀಲವ್ವ ಆ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು.

"ರೋಹಿಣಿ, ಒಂಬತ್ತು ಹೊಡಿ, ಲಗೂ" ಎಂದು ಗುಡದಪ್ಪ ನನ್ನ ಬೆನ್ನ ಹಿಂದೆ ಕಿರುಚಿದ.

ಹೊಡೆದೆ.

ಪ್ರೋಗ್ರಾಂ ಸತ್ತಿತು. ರೋಲರ್ ತಿರುಗುತ್ತಲೇ ಇತ್ತು. ಈಗ ಹದಿನೈದು ಕಳಿಸೋಣವೆಂದರೆ ಕೇಳಿಸಿಕೊಳ್ಳಲು ಒಳಗೆ ಯಾರೂ ಇರಲಿಲ್ಲ. ಮಣಿಕಟ್ಟು ಒಳಗೆ ಹೋಯಿತು. ಎಲುಬು ಮುರಿಯುವ ಸದ್ದು ಗಾಜು ದಾಟಿ ಬಂತು. ಬೆಲ್ಟಿನ ಮೇಲಿನ ಕಾಯಿಗಳ ಕೆಂಪಿನಲ್ಲಿ ರಕ್ತದ ಗುರುತೇ ಸಿಗುತ್ತಿರಲಿಲ್ಲ.

ಮೇನ್ ಸ್ವಿಚ್ಚಿನ ಕಡೆ ಓಡಿದೆ. ಗುಡದಪ್ಪ ಬಾಗಿಲಿಗೆ ಅಡ್ಡ ನಿಂತ.

"ಮೇನ್ ತಗದ್ರ ಕೋಲ್ಡ್ ಸ್ಟೋರೇಜೂ ಬಂದ್ ಆಕ್ಕೈತಿ. ಒಂಚೂರು ತಡಿ."

ಮೇಜಿನ ಮೇಲಿದ್ದ, ನಟ್ಟು ಬಿಗಿಯುವ ಕಬ್ಬಿಣದ ಪಾನಾ ಎತ್ತಿ ಅವನ ಬಾಯಿಗೆ ಬಾರಿಸಿದೆ. ಎರಡು ಹಲ್ಲು ಉದುರಿದವು. ಮತ್ತೊಮ್ಮೆ ಬಾರಿಸಿದೆ, ಅದು ಬೇಕಿರಲಿಲ್ಲ, ಆದರೂ ಬಾರಿಸಿದೆ. ಬಿದ್ದವನನ್ನು ತುಳಿದುಕೊಂಡೇ ಹೋಗಿ ಮೇನ್ ಎಳೆದೆ. ಅಷ್ಟರಲ್ಲಿ ಕೈ ಮೊಣಕೈವರೆಗೆ ಹೋಗಿತ್ತು.

ಪೊಲೀಸರ ಮುಂದೆ ಗುಡದಪ್ಪ, ಪ್ರೋಗ್ರಾಂ ತಾನಾಗೇ ಕೆಟ್ಟಿತು ಎಂದ. ಒಂಬತ್ತು ತಿಂದ ಪ್ರೋಗ್ರಾಂ ಸಾಯುವಾಗ ಒಂದು ಸಾಲೂ ಬರೆದಿಡುವುದಿಲ್ಲ, ಹಾಗಾಗಿ ಅವನ ಮಾತೇ ನಿಂತಿತು. ತಾನು ಬಾಗಿಲಿಗೆ ಅಡ್ಡ ನಿಂತದ್ದು ಹೊರಬೀಳುತ್ತದೆಂದು ಹಲ್ಲಿನ ಬಗ್ಗೆ ಅವನು ದೂರು ಕೊಡಲಿಲ್ಲ. ಮಾಲಕನನ್ನು ಕೆಡವಿ ಜೀವ ಉಳಿಸಿದ ಹುಡುಗಿ ಎಂದು ಊರೆಲ್ಲ ನನ್ನನ್ನು ಹೊಗಳಿತು. ಒಂಬತ್ತು ಹೊಡೆದದ್ದು ನಾನೇ ಎಂದು ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ಹನ್ನೆರಡನೆಯ ದಿನ ಹಾವೇರಿಯ ಆಸ್ಪತ್ರೆಗೆ ಹೋದೆ. ನೀಲಗಂಗವ್ವನ ಬಲಗೈ ಮೊಣಕೈ ಮೇಲೆಯೇ ಮುಗಿದಿತ್ತು. ಎಡಗೈಯಿಂದ ನನ್ನ ತಲೆ ಸವರಿದಳು.

"ನೀ ಇದ್ದಿ ಅಂತ ನಾ ಬದುಕೇನವಾ."

ಎಲ್ಲ ಹೇಳಿದೆ. ಒಂಬತ್ತು, ಹದಿನೈದು, ಮುನಾಫ ಎರಡು ಸಲ ಹೇಳಿದ್ದು, ಯಾವುದನ್ನೂ ಬಿಡಲಿಲ್ಲ.

"ಹದಿನೈದು ಹೊಡದಿದ್ರ ಎಷ್ಟೊತ್ತಿಗೆ ಬಿಡ್ತಿತ್ತು?"

"ಎರಡ ಸೆಕೆಂಡಿಗೆ, ಯಕ್ಕಾ."

"ಅವಾಗ ಎಷ್ಟ ಹೋಗಿತ್ತು?"

"ಬೆರಳಷ್ಟ."

ಅವಳು ಎಡಗೈ ಬೀಸಿ ನನ್ನ ಕಪಾಳಕ್ಕೆ ಹೊಡೆದಳು. ರೂಢಿಯಿಲ್ಲದ ಕೈ, ಏಟು ತಪ್ಪಿ ಕಿವಿಗೆ ಬಿತ್ತು. ಮುಂದಿನದು ಸರಿಯಾಗಿ ಬೀಳಲೆಂದು ನಾನು ಮಂಚದ ಹತ್ತಿರಕ್ಕೆ ಸರಿದು ಕುಳಿತೆ.